‘ಸಂಯಮ’ ಶಬ್ದದ ಅರ್ಥ ಮತ್ತು ಪ್ರಯೋಗ

ಕನ್ನಡ ಐಚ್ಛಿಕ ತರಗತಿಯ ಉತ್ತರಪತ್ರಿಕೆಗಳನ್ನು ಪರಿಶೀಲಿಸುತ್ತಿದ್ದಾಗ ಒಂದು ಶಬ್ದವು ನಮ್ಮ ಗಮನವನ್ನು ಮೇಲಿಂದ ಮೇಲೆ ಸೆಳೆಯಿತು. ದ್ಯೂತಸಭೆಯಲ್ಲಿ ತಲೆ ತಗ್ಗಿಸಿ ಕುಳಿತ ಧರ್ಮರಾಜನದು ‘ಸಂಯಮ’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದನು. ಕಡುಕೋಪದಿಂದ ಕುದಿಯುತ್ತಲೂ ಕೈಯೆತ್ತದ ಭೀಮನದು ಸಂಯಮವೆಂದು ಇನ್ನೊಬ್ಬನು ಬರೆದಿದ್ದನು. ಮೂರನೆಯ ಪತ್ರಿಕೆಯಲ್ಲಿ ದ್ರೌಪದಿಯೇ ಸಂಯಮದ ಮೂರ್ತಿಯಾಗಿದ್ದಳು. ಮೂವರಿಗೂ ನಾವು ಅಂಕಗಳನ್ನು ಕೊಟ್ಟೆವು. ಆದರೆ ಮೂವರೂ ಒಂದೇ ಶಬ್ದದಿಂದ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆಂಬುದು ಮನಸ್ಸಿನಲ್ಲಿ ಉಳಿಯಿತು. ವಿದ್ಯಾರ್ಥಿಗಳನ್ನು ದೂರುವುದು ನಮ್ಮ ಉದ್ದೇಶವಲ್ಲ; ತರಗತಿಯಲ್ಲಿ ‘ಸಂಯಮ ಎಂದರೆ ತಾಳ್ಮೆ, ಹಿಡಿತ, ನಿಗ್ರಹ’ ಎಂದು ಒಂದೇ ಉಸಿರಿನಲ್ಲಿ ಅರ್ಥ ಬರೆಸಿದವರು ನಾವೇ ತಾನೆ? ಈ ಮೂರು ಅರ್ಥಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ, ಯಾವುದೂ ಪೂರ್ತಿ ಸರಿಯಲ್ಲ. ಆದಕಾರಣ ಈ ಶಬ್ದದ ಮೂಲ, ಶಾಸ್ತ್ರಗಳಲ್ಲಿ ಅದು ಪಡೆದ ಪರಿಭಾಷೆ ಮತ್ತು ಇಂದಿನ ಕನ್ನಡದಲ್ಲಿ ಅದರ ನಡವಳಿಕೆ, ಇವುಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಸಂಯಮ ಶಬ್ದವು ‘ಯಮ್’ ಎಂಬ ಸಂಸ್ಕೃತ ಧಾತುವಿನಿಂದ ಬಂದಿದೆ. ಹಿಡಿ, ಆಧಾರವಾಗಿ ನಿಲ್ಲಿಸು, ಎಳೆದು ನಿಲ್ಲಿಸು, ಚಾಚು ಎಂಬ ಅರ್ಥಗಳು ಈ ಧಾತುವಿಗೆ ಉಂಟು. ವೇದಭಾಷೆಯಲ್ಲಿ ಕುದುರೆಗಳನ್ನು ಹಿಡಿದು ನಡೆಸುವ ಕ್ರಿಯೆಗೆ ಇದು ವಿಶೇಷವಾಗಿ ಸಲ್ಲುತ್ತದೆ. ‘ಯಂತೃ’ ಎಂದರೆ ಸಾರಥಿ. ಹಿಡಿದಿಡುವ ಸಾಧನವೇ ‘ಯಂತ್ರ’. ಇಂದು ನಾವು ಗಿರಣಿಗೂ ಮುದ್ರಣಕ್ಕೂ ಬಳಸುವ ಈ ಶಬ್ದದ ಹಿಂದೆ ಹಗ್ಗ, ಪಟ್ಟಿ, ಅಗುಳಿಗಳಿವೆಯೆಂಬುದು ಸ್ವಾರಸ್ಯಕರವಾದ ಸಂಗತಿ. ಉಪಸರ್ಗಗಳು ಸೇರಿದಂತೆ ಈ ಒಂದು ಧಾತುವು ಎಷ್ಟು ದಿಕ್ಕುಗಳಿಗೆ ಹರಿದಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ‘ನಿ’ ಸೇರಿದರೆ ನಿಯಮ; ‘ಆ’ ಸೇರಿದರೆ ಆಯಾಮ, ಎಂದರೆ ಚಾಚು, ನೀಳ; ‘ವಿ’ ಮತ್ತು ‘ಆ’ ಎರಡೂ ಸೇರಿದರೆ ಕೈಕಾಲುಗಳನ್ನು ಬೇರೆ ಬೇರೆಯಾಗಿ ಚಾಚುವ ವ್ಯಾಯಾಮ; ‘ಉತ್’ ಸೇರಿದರೆ ಮೇಲೆತ್ತುವ ಉದ್ಯಮ; ‘ಉಪ’ ಸೇರಿದರೆ ಮದುವೆಯೆಂಬ ಅರ್ಥದ ಉಪಯಮ. ಉದ್ಯಮವೂ ಸಂಯಮವೂ ಒಡಹುಟ್ಟುಗಳೆಂದರೆ ಇಂದಿನ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ನಕ್ಕಾರು; ಆದರೆ ವ್ಯಾಕರಣವು ಅದನ್ನೇ ಹೇಳುತ್ತದೆ. ಪದ್ಯದ ನಡುವೆ ಉಸಿರು ನಿಲ್ಲುವ ‘ಯತಿ’ಯೂ ಇದೇ ಧಾತುವಿನದು. ಸಂನ್ಯಾಸಿಯೆಂಬ ಅರ್ಥದ ‘ಯತಿ’ಯನ್ನು ಮಾತ್ರ ವೈಯಾಕರಣರು ಪ್ರಯತ್ನಾರ್ಥಕವಾದ ‘ಯತ್’ ಧಾತುವಿಗೆ ಸೇರಿಸುತ್ತಾರೆ. ಕನ್ನಡ ಛಂದಸ್ಸಿನಲ್ಲಿ ಪ್ರಾಸಕ್ಕೆ ದೊರೆತ ಪ್ರಾಧಾನ್ಯ ಯತಿಗೆ ದೊರೆಯಲಿಲ್ಲವೆಂಬುದು ಪ್ರಸಿದ್ಧವೇ ಆಗಿದೆ. ನಮ್ಮ ಹಳೆಯ ಕವಿಗಳು ಈ ಒಂದು ಕಟ್ಟಿಗೆ ಅಷ್ಟಾಗಿ ಒಳಪಟ್ಟವರಲ್ಲ.

ಮೃತ್ಯುದೇವತೆಯಾದ ಯಮನ ಹೆಸರನ್ನೂ ಈ ಧಾತುವಿಗೆ ಜೋಡಿಸಿ, ಎಲ್ಲರನ್ನೂ ಅಡಗಿಸುವವನು ಯಮನೆಂದು ಹೇಳುವ ರೂಢಿಯಿದೆ. ಅವನ ಪಟ್ಟಣಕ್ಕೆ ಪುರಾಣಗಳು ‘ಸಂಯಮನೀ’ ಎಂಬ ಹೆಸರನ್ನೇ ಕೊಟ್ಟಿವೆ. ಆದರೆ ಯಮ ಎಂಬುದರ ಪ್ರಾಚೀನ ಅರ್ಥ ‘ಅವಳಿ’ ಎಂಬುದಾಗಿದ್ದು, ಯಮ–ಯಮಿಯರು ಅವಳಿಗಳೆಂಬ ವೈದಿಕ ಕಥೆಯೂ, ಇರಾನಿನ ಅವೆಸ್ತಾದಲ್ಲಿ ಬರುವ ಯಿಮನ ಹೆಸರೂ ಇದನ್ನು ಸಮರ್ಥಿಸುತ್ತವೆ. ಕನ್ನಡದಲ್ಲಿ ಈ ಎರಡೂ ಎಳೆಗಳು ತದ್ಭವವಾಗಿ ಇಳಿದುಬಂದಿವೆ. ಯಕಾರವು ಜಕಾರವಾಗಿ, ಮಕಾರವು ವಕಾರವಾಗಿ ಯಮನು ‘ಜವ’ನಾದನು, ‘ಜವರಾಯ’ನಾದನು, ‘ಯಮಳ’ವು ‘ಅವಳಿಜವಳಿ’ಯಲ್ಲಿ ನಿಂತಿತು. ಸಂಯಮಕ್ಕೆ ಮಾತ್ರ ಈ ಭಾಗ್ಯ ದೊರೆಯಲಿಲ್ಲ. ಪ್ರಾಕೃತದಲ್ಲಿ ಅದು ‘ಸಂಜಮ’ವಾಗಿ ಬಳಕೆಗೊಂಡರೂ ನಮ್ಮ ಆಡುಮಾತಿನಲ್ಲಿ ಅದರ ತದ್ಭವ ಬೇರೂರಲಿಲ್ಲ. ಜವರಾಯನನ್ನು ಹಳ್ಳಿಯ ಹಾಡುಗಾರ್ತಿಯೂ ಬಲ್ಲಳು. ಸಂಯಮವು ಮಠ, ಬಸದಿ, ಪಾಠಶಾಲೆ, ವೃತ್ತಪತ್ರಿಕೆಗಳ ಶಬ್ದವಾಗಿಯೇ ಉಳಿಯಿತು. ಅದರ ಅರ್ಥವು ಇಂದು ಮಸುಕಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

‘ಸಂ’ ಎಂಬ ಉಪಸರ್ಗಕ್ಕೆ ‘ಒಟ್ಟಾಗಿ’ ಎಂದರ್ಥ. ಆದ್ದರಿಂದ ಸಂಯಮವೆಂದರೆ ಕೇವಲ ಹಿಡಿಯುವುದಲ್ಲ, ಒಟ್ಟುಗೂಡಿಸಿ ಹಿಡಿಯುವುದು. ಚೆದುರಿದ ಕೂದಲನ್ನು ಒಂದುಗೂಡಿಸಿ ಕಟ್ಟುವುದಕ್ಕೂ ಸಂಸ್ಕೃತದಲ್ಲಿ ಸಂಯಮ, ಸಂಯಮನ ಎಂದೇ ಹೆಸರು. ‘ಸಂಯತ’ ಎಂದರೆ ಕಟ್ಟಲ್ಪಟ್ಟವನು, ಸೆರೆಯಾದವನು ಎಂಬ ಅರ್ಥವೂ ಉಂಟು. ಹಲವು ಕುದುರೆಗಳ ಹಲವು ಲಗಾಮುಗಳನ್ನು ಒಂದೇ ಕೈಯಲ್ಲಿ ಹಿಡಿದ ಸಾರಥಿಯನ್ನು ಕಣ್ಣ ಮುಂದೆ ತಂದುಕೊಂಡರೆ ಶಬ್ದದ ಹುರುಳು ತಿಳಿಯುತ್ತದೆ. ಕಠೋಪನಿಷತ್ತಿನ ಮೂರನೆಯ ವಲ್ಲಿಯಲ್ಲಿ ಬರುವ ರಥದ ರೂಪಕವು ಈ ಚಿತ್ರವನ್ನೇ ಬಿಡಿಸಿಟ್ಟಿದೆ. ಅಲ್ಲಿ ಶರೀರವು ರಥ, ಆತ್ಮನು ರಥಿಕ, ಬುದ್ಧಿಯು ಸಾರಥಿ, ಇಂದ್ರಿಯಗಳು ಕುದುರೆಗಳು, ಮನಸ್ಸು ‘ಪ್ರಗ್ರಹ’ ಎಂದರೆ ಲಗಾಮು. ಈ ರೂಪಕದಲ್ಲಿ ಯಾರೂ ಕುದುರೆಗಳನ್ನು ಬಿಚ್ಚಿ ಕಟ್ಟಿಹಾಕುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ರಥವು ಹೋಗಬೇಕಾದ ದಾರಿಯಿದೆ, ಮುಟ್ಟಬೇಕಾದ ನೆಲೆಯಿದೆ. ಕುದುರೆ ನಿಂತರೆ ರಥವೂ ನಿಂತಿತು. ಲಗಾಮು ಇರುವುದು ಕುದುರೆಯನ್ನು ನಿಲ್ಲಿಸುವುದಕ್ಕಷ್ಟೇ ಅಲ್ಲ, ಓಡಿಸುವುದಕ್ಕೂ ಹೌದು.

ಇಲ್ಲಿಯೇ ಸಂಯಮಕ್ಕೂ ನಿಗ್ರಹಕ್ಕೂ ಇರುವ ವ್ಯತ್ಯಾಸವು ಹೊರಬೀಳುತ್ತದೆ. ನಿಗ್ರಹದ ಧಾತು ‘ಗ್ರಹ್’, ಹಿಡಿದುಕೊಳ್ಳು. ‘ನಿ’ ಎಂದರೆ ಕೆಳಕ್ಕೆ. ಹಿಡಿದು ಕೆಳಗೆ ಅದುಮುವುದು ನಿಗ್ರಹ. ನ್ಯಾಯಶಾಸ್ತ್ರದಲ್ಲಿ ವಾದಿಯು ಸೋಲುವ ಎಡೆಗಳಿಗೆ ‘ನಿಗ್ರಹಸ್ಥಾನ’ಗಳೆಂದು ಹೆಸರು, ಅವು 22. ಅರಸನನ್ನು ನಿಗ್ರಹಾನುಗ್ರಹಸಮರ್ಥನೆಂದು ಹೊಗಳುವಾಗ ದಂಡಿಸಲೂ ಬಲ್ಲ, ಕೃಪೆ ತೋರಲೂ ಬಲ್ಲ ಎಂಬ ಭಾವವಿರುತ್ತದೆ. ಇಂದಿನ ಆಡಳಿತ ಕನ್ನಡವು ಈ ಅರ್ಥವನ್ನು ಸರಿಯಾಗಿಯೇ ಉಳಿಸಿಕೊಂಡಿದೆ. ನಕ್ಸಲ್ ನಿಗ್ರಹ ಪಡೆಯಲ್ಲಿಯೂ, 2016ರಲ್ಲಿ ಸ್ಥಾಪಿತವಾಗಿ 2022ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ರದ್ದಾದ ಭ್ರಷ್ಟಾಚಾರ ನಿಗ್ರಹ ದಳದಲ್ಲಿಯೂ ಉದ್ದೇಶಿಸಿದ್ದು ಅದುಮುವುದನ್ನೇ. ‘ಭ್ರಷ್ಟಾಚಾರ ಸಂಯಮ ದಳ’ ಎಂದು ಯಾರಾದರೂ ಹೆಸರಿಟ್ಟಿದ್ದರೆ, ಭ್ರಷ್ಟಾಚಾರವನ್ನು ಮಿತಿಯರಿತು ನಡೆಸಿಕೊಂಡು ಹೋಗುವ ದಳವೆಂದು ಜನರು ತಿಳಿಯುತ್ತಿದ್ದರು. ಆ ನಗೆಯಲ್ಲಿಯೇ ಎರಡು ಶಬ್ದಗಳ ಅಂತರ ಅಡಗಿದೆ.

ಭಗವದ್ಗೀತೆಯಲ್ಲಿ ಈ ಎರಡು ಶಬ್ದಗಳನ್ನು ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ. ಮೂರನೆಯ ಅಧ್ಯಾಯದ 33ನೆಯ ಶ್ಲೋಕದಲ್ಲಿ ಜೀವಿಗಳು ತಮ್ಮ ತಮ್ಮ ಪ್ರಕೃತಿಯನ್ನೇ ಅನುಸರಿಸುವುದರಿಂದ ನಿಗ್ರಹದಿಂದ ಆಗುವುದಾದರೂ ಏನೆಂದು ಕೃಷ್ಣನು ಕೇಳುತ್ತಾನೆ. ಆರನೆಯ ಅಧ್ಯಾಯದಲ್ಲಿ ಮನಸ್ಸಿನ ನಿಗ್ರಹವು ಗಾಳಿಯನ್ನು ಹಿಡಿದಂತೆ ಕಷ್ಟವೆಂದು ಅರ್ಜುನನು ಹೇಳಿದಾಗ ಕೃಷ್ಣನು ಒಪ್ಪುತ್ತಾನೆ. ಅಭ್ಯಾಸ ಮತ್ತು ವೈರಾಗ್ಯಗಳ ದಾರಿಯನ್ನು ತೋರಿಸುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳನ್ನು ನಿಗ್ರಹಿಸಿದವನ ಪ್ರಶಂಸೆಯೂ ಇರುವುದರಿಂದ ಗೀತೆಯು ನಿಗ್ರಹವನ್ನು ಪೂರ್ತಿ ತಳ್ಳಿಹಾಕಿತೆಂದು ಹೇಳುವಂತಿಲ್ಲ. ಆದರೆ ಸಂಶಯದ ಮಾತು ನಿಗ್ರಹದ ಬಗ್ಗೆ ಬಂದಿದೆಯೇ ಹೊರತು ಸಂಯಮದ ಬಗ್ಗೆ ಬಂದಿಲ್ಲ. ನಾಲ್ಕನೆಯ ಅಧ್ಯಾಯದ 26ನೆಯ ಶ್ಲೋಕದಲ್ಲಿ ಸಂಯಮವು ಅಗ್ನಿಯಾಗಿದೆ, ಕೆಲವರು ಇಂದ್ರಿಯಗಳನ್ನು ಆ ಅಗ್ನಿಯಲ್ಲಿ ಹೋಮಮಾಡುತ್ತಾರೆ, ಮತ್ತೆ ಕೆಲವರು ವಿಷಯಗಳನ್ನು ಇಂದ್ರಿಯಗಳೆಂಬ ಅಗ್ನಿಯಲ್ಲಿ ಹೋಮಮಾಡುತ್ತಾರೆ, ಎರಡೂ ಯಜ್ಞವೇ. ಅದರ ಮುಂದಿನ ಶ್ಲೋಕದಲ್ಲಿ ‘ಆತ್ಮಸಂಯಮ’ ಎಂಬ ಸಮಾಸ ಬರುತ್ತದೆ. ಈ ಸಮಾಸವನ್ನು ಇಂದು ನಾವು ‘ತಾನೇ ತನ್ನನ್ನು ತಡೆದುಕೊಳ್ಳುವುದು’ ಎಂದು ಅರ್ಥಮಾಡುತ್ತೇವೆ. ಆದರೆ ಅಲ್ಲಿ ಆತ್ಮ ಎಂಬುದು ಹಿಡಿಯುವವನ ಹೆಸರಲ್ಲ, ಹಿಡಿಯಲ್ಪಡುವ ಅಂತಃಕರಣದ ಹೆಸರು. ಇಂಗ್ಲಿಷಿನ ‘ಸೆಲ್ಫ್ ರಿಸ್ಟ್ರೇಂಟ್’ ಎಂಬುದಕ್ಕೆ ಸಮಾನವಾಗಿ ಈ ಹಳೆಯ ಸಮಾಸವನ್ನು ಬಳಸಿಕೊಂಡಾಗ ಒಳಗಿನ ಸಂಬಂಧವು ಸದ್ದಿಲ್ಲದೆ ಬದಲಾಯಿತು.

ಬಸವಣ್ಣನವರ ಪ್ರಸಿದ್ಧವಾದ ಒಂದು ವಚನವು ಇಂದ್ರಿಯನಿಗ್ರಹವನ್ನು ನೇರವಾಗಿ ಪ್ರಶ್ನಿಸುತ್ತದೆ. ಅದುಮಿದ್ದು ಮತ್ತೆ ತಲೆಯೆತ್ತುತ್ತದೆಯೆಂಬುದು ಅದರ ಅಭಿಪ್ರಾಯ. ಸಂಸಾರದಲ್ಲಿದ್ದೇ ಭಕ್ತರಾದ ಸಿರಿಯಾಳ–ಚೆಂಗಳೆಯರು ಅದಕ್ಕೆ ನಿದರ್ಶನ. ಈ ವಚನವನ್ನು ಪಾಠಮಾಡುವಾಗ ‘ಬಸವಣ್ಣನವರು ಸಂಯಮವನ್ನು ಒಪ್ಪಲಿಲ್ಲ’ ಎಂದು ಹೇಳಿಬಿಡುವ ಅಪಾಯವುಂಟು. ನಾವೂ ಒಂದು ಕಾಲದಲ್ಲಿ ಹೇಳಿದ್ದೆವು. ಅವರು ಆಡಿದ ಶಬ್ದ ನಿಗ್ರಹ. ಕಾಯಕ, ದಾಸೋಹ, ನಡೆನುಡಿಗಳ ಒಂದಾಗುವಿಕೆಯನ್ನು ಅಷ್ಟು ಬಿಗಿಯಾಗಿ ಕೇಳಿದ ಒಂದು ಪಂಥವು ಸಂಯಮಕ್ಕೆ ವಿರೋಧವಾಗಿತ್ತೆನ್ನುವುದು ಹೇಗೆ? ಶಬ್ದಗಳನ್ನು ಒಂದರ ಬದಲು ಒಂದು ಇಟ್ಟುಕೊಂಡರೆ ತತ್ತ್ವವೇ ತಿರುಗಿಬೀಳುತ್ತದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರುವುದಿಲ್ಲ.

ಶಾಸ್ತ್ರಗಳಲ್ಲಿ ಸಂಯಮವು ಪಾರಿಭಾಷಿಕವಾದ ಸ್ಥಾನವನ್ನು ಪಡೆದಿರುವುದು ಮುಖ್ಯವಾಗಿ ಎರಡು ಕಡೆ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ ಧಾರಣೆ, ಧ್ಯಾನ, ಸಮಾಧಿ ಈ ಮೂರೂ ಒಂದೇ ವಿಷಯದಲ್ಲಿ ಸೇರಿದಾಗ ಅದಕ್ಕೆ ಸಂಯಮವೆಂದು ಹೆಸರು. ಸೂರ್ಯನಲ್ಲಿ ಸಂಯಮ ಮಾಡಿದರೆ ಇಂಥ ಜ್ಞಾನ, ಕಂಠಕೂಪದಲ್ಲಿ ಸಂಯಮ ಮಾಡಿದರೆ ಹಸಿವು ಬಾಯಾರಿಕೆಗಳ ನಿವೃತ್ತಿ ಎಂದು ಅಲ್ಲಿ ಫಲಗಳನ್ನು ಹೇಳಿದೆ. ‘ಮಾತಿನಲ್ಲಿ ಸಂಯಮ’ ಎಂದು ನಾವು ಹೇಳುವಾಗಲೂ ಸಪ್ತಮಿಯೇ, ‘ಸೂರ್ಯನಲ್ಲಿ ಸಂಯಮ’ ಎಂಬಲ್ಲಿಯೂ ಸಪ್ತಮಿಯೇ. ಮೊದಲನೆಯದರಲ್ಲಿ ಮಾತನ್ನು ಕಡಮೆ ಮಾಡುವ ಭಾವ, ಎರಡನೆಯದರಲ್ಲಿ ಚಿತ್ತವನ್ನು ಪೂರ್ತಿಯಾಗಿ ನೆಡುವ ಭಾವ. ಯೋಗದ ಪುಸ್ತಕಗಳನ್ನು ಕನ್ನಡಕ್ಕೆ ತರುವವರು ಇಲ್ಲಿ ಎಡವುತ್ತಾರೆ. ಯಮವೂ ಸಂಯಮವೂ ಒಂದೇ ಎಂದು ಬರೆದುದನ್ನೂ ನಾವು ಕಂಡಿದ್ದೇವೆ. ಯಮವು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಐದು. ಎಂಟು ಅಂಗಗಳಲ್ಲಿ ಅದು ಮೊದಲನೆಯ ಮೆಟ್ಟಿಲು. ಸಂಯಮವು ಕೊನೆಯ ಮೂರು ಮೆಟ್ಟಿಲುಗಳ ಕೂಟ.

ಎರಡನೆಯದು ಜೈನ ಪರಿಭಾಷೆ. ಕನ್ನಡಿಗರಿಗೆ ಇದು ಹೆಚ್ಚು ಹತ್ತಿರದ್ದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ದಶಧರ್ಮಗಳಲ್ಲಿ ಸತ್ಯದ ನಂತರ ಬರುವುದು ಸಂಯಮ. ಅದು ಇಂದ್ರಿಯಸಂಯಮವೆಂದೂ ಪ್ರಾಣಿಸಂಯಮವೆಂದೂ ಎರಡು ಬಗೆ. ತನ್ನ ಇಂದ್ರಿಯಗಳನ್ನು ಹಿಡಿದಿಟ್ಟುಕೊಳ್ಳುವುದು ಮೊದಲನೆಯದು. ಇತರ ಜೀವಿಗಳಿಗೆ ನೋವಾಗದಂತೆ ತನ್ನ ನಡೆಯನ್ನು ಹಿಡಿದಿಟ್ಟುಕೊಳ್ಳುವುದು ಎರಡನೆಯದು. ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿಗೆ ‘ಸಂಯಮೋಪಕರಣ’ವೆಂದು ಹೆಸರು. ಶ್ರವಣಬೆಳಗೊಳಕ್ಕೆ ಹೋದವರು ಅದನ್ನು ಕಂಡಿರುತ್ತಾರೆ. ಕುಳಿತುಕೊಳ್ಳುವ ಮುನ್ನ, ಪುಸ್ತಕವನ್ನು ಇಡುವ ಮುನ್ನ ಆ ಗರಿಗಳಿಂದ ನೆಲವನ್ನು ಮೃದುವಾಗಿ ಸವರಿ ಇರುವೆಯಂಥ ಜೀವವನ್ನು ಸರಿಸುತ್ತಾರೆ. ಈ ದೃಶ್ಯವನ್ನು ಒಮ್ಮೆ ಕಂಡವನಿಗೆ ಸಂಯಮದ ಅರ್ಥವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಅಲ್ಲಿ ಮುನಿಯು ಕುಳಿತುಕೊಳ್ಳುವುದನ್ನು ಬಿಟ್ಟಿಲ್ಲ, ಕುಳಿತುಕೊಳ್ಳುವ ರೀತಿಯನ್ನು ಹಿಡಿದಿದ್ದಾನೆ. ಮತ್ತು ಆ ಹಿಡಿತದಿಂದ ಲಾಭವಾಗುವುದು ಮುನಿಯೊಬ್ಬನಿಗೇ ಅಲ್ಲ, ಇರುವೆಗೂ ಹೌದು. ಸಂಯಮವನ್ನು ಕೇವಲ ಸ್ವಂತದ ಆತ್ಮಶುದ್ಧಿಯ ವಿಷಯವೆಂದು ತಿಳಿಯುವವರು ಈ ಎರಡನೆಯ ಮುಖವನ್ನು ಮರೆತಿರುತ್ತಾರೆ.

ಜೈನರ 14 ಗುಣಸ್ಥಾನಗಳ ಏಣಿಯಲ್ಲಿಯೂ ಈ ಶಬ್ದವು ಅಳತೆಗೋಲಾಗಿದೆ. ನಾಲ್ಕನೆಯದರಲ್ಲಿ ದೃಷ್ಟಿ ಸರಿಯಾಗಿದ್ದರೂ ಜೀವನು ಅಸಂಯತ, ಐದನೆಯದರಲ್ಲಿ ಸಂಯತಾಸಂಯತ, ಆರನೆಯದರಲ್ಲಿ ಪ್ರಮತ್ತಸಂಯತ, ಏಳನೆಯದರಲ್ಲಿ ಅಪ್ರಮತ್ತಸಂಯತ. ‘ಸಂಯತಾಸಂಯತ’ ಎಂಬ ಪದವು ನಮಗೆ ಬಹಳ ಪ್ರಿಯವಾದುದು. ಕೆಲವು ವಿಷಯಗಳಲ್ಲಿ ಹಿಡಿತವುಳ್ಳವನು, ಕೆಲವು ವಿಷಯಗಳಲ್ಲಿ ಇಲ್ಲದವನು. ಎಂದರೆ ವ್ರತ ಹಿಡಿದ ಗೃಹಸ್ಥ. ಇಷ್ಟು ಪ್ರಾಮಾಣಿಕವಾದ ಶಬ್ದವು ಬೇರೆ ಶಾಸ್ತ್ರದಲ್ಲಿ ದೊರೆಯುವುದು ಅಪೂರ್ವ.

ಇನ್ನು ಈ ಶಬ್ದವು ಧರ್ಮಸಾಧನೆಯ ಎಲ್ಲೆಯನ್ನು ದಾಟಿ ಸಾರ್ವಜನಿಕ ಜೀವನಕ್ಕೆ ಬಂದದ್ದು ಇಂದಿನ ಪತ್ರಿಕೆಗಳಿಂದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಶಾಸನಗಳಲ್ಲಿಯೇ ‘ಸಯಮ’ವಿದೆ. ಏಳನೆಯ ಬಂಡೆಯ ಶಾಸನದಲ್ಲಿ ಎಲ್ಲ ಪಂಥದವರೂ ಬಯಸುವುದು ಸಯಮ ಮತ್ತು ಭಾವಶುದ್ಧಿಗಳನ್ನೇ ಎಂಬ ಮಾತಿದೆ. ಎಷ್ಟೇ ದೊಡ್ಡ ದಾನಮಾಡಿದರೂ ಇವಿಲ್ಲದವನು ಕೀಳೇ ಎಂಬ ಅರ್ಥದ ಮಾತೂ ಇದೆ. ಹನ್ನೆರಡನೆಯ ಬಂಡೆಯ ಶಾಸನದಲ್ಲಿ ಅಶೋಕನು ಕೇಳುವುದು ನಾಲಗೆಯ ಹಿಡಿತವನ್ನು, ‘ವಚಿಗುತಿ’ಯನ್ನು. ತನ್ನ ಪಂಥವನ್ನು ಹೊಗಳುವುದರಲ್ಲಿಯೂ ಪರರ ಪಂಥವನ್ನು ಹಳಿಯುವುದರಲ್ಲಿಯೂ ಮಿತಿಯಿರಬೇಕು. ಇದೇ ಶಾಸನದಲ್ಲಿ ಒಂದು ಕುತೂಹಲಕರವಾದ ಪಾಠಭೇದವಿದೆ. ಯಾವುದು ಒಳ್ಳೆಯದೆಂದು ಹೇಳುವಲ್ಲಿ ಗಿರನಾರದ ಪಾಠವು ‘ಸಮವಾಯ’ವನ್ನು, ಎಂದರೆ ಕೂಡಿ ಬಾಳುವುದನ್ನು ಹೇಳಿದರೆ, ಶಾಹಬಾಜ್‌ಗಢಿಯ ಖರೋಷ್ಠೀ ಪಾಠವು ಅದೇ ಸ್ಥಾನದಲ್ಲಿ ‘ಸಯಮ’ವನ್ನು ಇಟ್ಟಿದೆ. ಲಿಪಿಕಾರನ ಕೈತಪ್ಪೋ, ಬೇಕೆಂದೇ ಮಾಡಿದ ಬದಲಾವಣೆಯೋ, ವಿದ್ವಾಂಸರು ವಿಚಾರಿಸಲಿ. ತಪ್ಪೇ ಆಗಿದ್ದರೂ ಅದು ಅರ್ಥವತ್ತಾದ ತಪ್ಪು; ನಾಲಗೆಯನ್ನು ಹಿಡಿಯದವರು ಕೂಡಿ ಬಾಳುವುದು ಹೇಗೆ? 1980ರ ದಶಕದ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ಬೆಳಕಿಗೆ ಬಂದ ಕಲ್ಲಿನಲ್ಲಿ ಈ ಹನ್ನೆರಡನೆಯ ಶಾಸನದ ಭಾಗವೂ ಇರುವುದು ಕರ್ನಾಟಕದವರಿಗೆ ವಿಶೇಷ ಸಂತೋಷದ ಸಂಗತಿ.

ದೇಶೀಯ ಶಬ್ದಗಳ ಕಡೆಗೂ ಒಮ್ಮೆ ನೋಡೋಣ. ತಮಿಳಿನಲ್ಲಿ ಈ ಗುಣಕ್ಕೆ ‘ಅಡಕ್ಕಮ್’ ಎಂದು ಹೆಸರು. ತಿರುಕ್ಕುರಳಿನ ಹದಿಮೂರನೆಯ ಅಧಿಕಾರ ಅದನ್ನು ಕುರಿತದ್ದೇ ಆಗಿದೆ. ಅದರ ಜ್ಞಾತಿಯಾದ ‘ಅಡಕ’ವು ಕನ್ನಡದಲ್ಲಿ ಸಂಕ್ಷೇಪವನ್ನು ಸೂಚಿಸಲು ನಿಂತಿತು, ಅಡಕವಾಗಿ ಬರೆಯುವುದು ಎಂದರೆ ಕಡಮೆ ಮಾತಿನಲ್ಲಿ ಬರೆಯುವುದು. ನಡತೆಯ ಹಿಡಿತಕ್ಕೆ ನಮ್ಮ ಜನ ಹೆಚ್ಚಾಗಿ ಎತ್ತು, ಕುದುರೆ, ಆನೆಗಳ ಸಲಕರಣೆಗಳನ್ನೇ ಎರವಲು ಪಡೆದಿದ್ದಾರೆ. ಮೂಗುದಾರ, ಕಡಿವಾಣ, ಲಗಾಮು, ಅಂಕುಶ ಇವೆಲ್ಲ ಅಂಥವು. ಇವುಗಳಲ್ಲಿ ಲಗಾಮು ಪಾರಸಿಯಿಂದ ಬಂದದ್ದು. ‘ಹತೋಟಿ’ಗೆ ಹತ್ತಿರದ ಮರಾಠಿಯ ‘ಹಾತೋಟಿ’ ಎಂದರೆ ಕೈಚಳಕ. ಆಡುಮಾತಿನ ‘ಅಂಕೆ’, ‘ಹಿಡಿತ’, ‘ಬಿಗಿ’ಗಳೂ ಬಳಕೆಯಲ್ಲಿವೆ. ಹಳ್ಳಿಯ ಮುದುಕಿಯೊಬ್ಬಳು ಮೊಮ್ಮಗನಿಗೆ ‘ಸಂಯಮವಿರಲಿ’ ಎನ್ನುವುದಿಲ್ಲ. ‘ನಾಲಗೆ ಬಿಗಿ ಹಿಡಿ ಮಗಾ’ ಎನ್ನುತ್ತಾಳೆ. ಅರ್ಥದ ನಿಖರತೆಯಲ್ಲಿ ಅವಳು ನಮಗಿಂತ ಮುಂದಿದ್ದಾಳೆ.

ಈ ಶಬ್ದಗಳು ಯಾವ ಕ್ರಿಯಾಪದಗಳೊಡನೆ ಕೂಡುತ್ತವೆಯೆಂಬುದನ್ನು ಪರೀಕ್ಷಿಸಿದರೆ ಭಾಷೆಯು ತನ್ನ ತೀರ್ಪನ್ನು ತಾನೇ ಹೇಳುತ್ತದೆ. ಕಡಿವಾಣವನ್ನು ‘ಹಾಕು’ತ್ತೇವೆ, ನಿರ್ಬಂಧವನ್ನು ‘ಹೇರು’ತ್ತೇವೆ, ನಿಯಂತ್ರಣವನ್ನು ‘ವಿಧಿಸು’ತ್ತೇವೆ. ‘ಸಂಯಮ ಹಾಕಿದರು’, ‘ಸಂಯಮ ಹೇರಿದರು’ ಎಂದು ಕನ್ನಡ ಬಲ್ಲವನಾರೂ ಹೇಳಲಾರನು. ಸಂಯಮವನ್ನು ‘ತೋರು’ತ್ತೇವೆ, ‘ಕಾಯ್ದುಕೊಳ್ಳು’ತ್ತೇವೆ, ‘ಕಳೆದುಕೊಳ್ಳು’ತ್ತೇವೆ. ಕ್ರಿಯೆಯ ಫಲವು ಕರ್ತೃವಿಗೇ ಸಲ್ಲುತ್ತದೆಯೆಂಬುದನ್ನು ಸೂಚಿಸುವ ‘ಕೊಳ್ಳು’ ಇಲ್ಲಿ ತಾನಾಗಿ ಬಂದು ಸೇರಿದೆ. ಹಿಡಿಯುವ ಕೈಯೂ ಹಿಡಿಸಿಕೊಳ್ಳುವ ಕುದುರೆಯೂ ಒಬ್ಬನಲ್ಲಿಯೇ ಇದ್ದಾಗ ಮಾತ್ರ ಸಂಯಮ.

ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಈ ಭೇದಕ್ಕೆ ಒಂದು ನಿದರ್ಶನ ದೊರೆಯುತ್ತದೆ. 1930ರಲ್ಲಿ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಅಂದಿಗೆ ಹೊಸದು. ಅದೇ ಕಾಲದಲ್ಲಿ ಗಾಂಧೀಜಿಯವರು ಕೃತಕ ಸಾಧನಗಳನ್ನು ವಿರೋಧಿಸಿ ಸಂಯಮವೊಂದನ್ನೇ ಬೋಧಿಸುತ್ತಿದ್ದರು. 1935ರ ಕೊನೆಯಲ್ಲಿ ವಾರ್ಧಾಕ್ಕೆ ಬಂದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಈ ವಿಷಯದಲ್ಲಿ ಚರ್ಚಿಸಿದರೂ ತಮ್ಮ ನಿಲುವನ್ನು ಬಿಡಲಿಲ್ಲ. ನಿಯಂತ್ರಣವೂ ಸಂಯಮವೂ ಒಂದೇ ‘ಯಮ್’ ಧಾತುವಿನ ಮಕ್ಕಳು. ಇಲ್ಲಿ ಎದುರುಬದುರು ನಿಂತವು. ನಿಯಂತ್ರಣದ ಕಡೆಯವರು ಸಾಧನವನ್ನು ಕೊಟ್ಟರು, ಸಂಯಮದ ಕಡೆಯವರು ಮನಸ್ಸನ್ನು ಕೇಳಿದರು. ಹೆತ್ತು ಹೆತ್ತು ಸವೆದ ಹೆಂಗಸಿಗೆ ಗಂಡನ ಸಂಯಮವು ಅವಳ ಕೈಯಲ್ಲಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಲಗಾಮು ಇನ್ನೊಬ್ಬನ ಕೈಯಲ್ಲಿದ್ದಾಗ ಅವಳಿಗೆ ಸಂಯಮವನ್ನು ಬೋಧಿಸುವುದರಿಂದ ಏನು ಪ್ರಯೋಜನ?

ಇದರಿಂದ ಸಂಯಮ ಶಬ್ದದ ಪ್ರಯೋಗಕ್ಕೆ ಎರಡು ಪರೀಕ್ಷೆಗಳು ಒದಗುತ್ತವೆ. ಹಿಡಿಯತಕ್ಕದ್ದು ಏನಾದರೂ ಇರಬೇಕು. ಹಿಡಿಯುವ ಶಕ್ತಿಯೂ ಬಿಡುವ ಶಕ್ತಿಯೂ ಹಿಡಿಯುವವನಲ್ಲಿ ಇರಬೇಕು. ಸಾಹಿತ್ಯ ವಿಮರ್ಶೆಯಲ್ಲಿ ಮಾಸ್ತಿಯವರ ಕಥೆಗಳ ಸಂಯಮವನ್ನು ಹೊಗಳುವುದು ವಾಡಿಕೆ. ಅದು ಸಾರ್ಥಕವಾದ ಪ್ರಯೋಗ. ‘ವೆಂಕಟಿಗನ ಹೆಂಡತಿ’ಯಂಥ ಕಥೆಯಲ್ಲಿ ದುಃಖವು ತುಂಬಿದೆ, ನಿರೂಪಣೆಯ ದನಿ ಮಾತ್ರ ಏರುವುದಿಲ್ಲ. ಆದರೆ ಭಾವವೇ ಇಲ್ಲದ ಬರೆಹವನ್ನೂ ಕೆಲವರು ‘ಸಂಯಮಪೂರ್ಣ’ವೆನ್ನುತ್ತಾರೆ, ಕುದುರೆಯಿಲ್ಲದ ರಥದಲ್ಲಿ ಲಗಾಮನ್ನು ಹೊಗಳಿದಂತೆ ಅದು. ‘ನ್ಯಾಯಾಂಗ ಸಂಯಮ’ ಎಂಬ ಪ್ರಯೋಗ ಮಾತ್ರ ಯುಕ್ತವೇ ಆಗಿದೆ. ಅಧಿಕಾರವು ಕೈಯಲ್ಲಿದ್ದೂ ನ್ಯಾಯಾಲಯವು ಅದನ್ನು ಹಿಂದಕ್ಕೆ ಹಿಡಿಯುತ್ತದೆ.

ಇಂಗ್ಲಿಷಿನ ‘ರಿಸ್ಟ್ರೇಂಟ್’ ಈ ಭೇದವನ್ನು ಮಾಡುವುದಿಲ್ಲ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಹಿಂದಕ್ಕೆ ಬಿಗಿದು ಕಟ್ಟುವುದೆಂದರ್ಥ. ಕಟ್ಟುವವನು ತಾನೋ ಪರನೋ ಎಂಬುದನ್ನು ಅದು ಕೇಳುವುದಿಲ್ಲ. ಭಾಷಾಂತರಕಾರರು ಇದನ್ನು ನೆನಪಿನಲ್ಲಿಡತಕ್ಕದ್ದು. 1860ರ ದಂಡಸಂಹಿತೆಯ 339ನೆಯ ಪ್ರಕರಣದಲ್ಲಿದ್ದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 126ನೆಯದಾಗಿರುವ ಅಪರಾಧವು ಹಕ್ಕಿನ ದಾರಿಯಲ್ಲಿ ಹೋಗುವವನನ್ನು ಅಡ್ಡಗಟ್ಟುವುದು. ಅದಕ್ಕೆ ‘ತಡೆ’ ಎಂಬ ಅಚ್ಚಗನ್ನಡ ಶಬ್ದವೇ ಸಾಕು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 97ನೆಯ ಪ್ರಕರಣವು ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸಿದೆ. ಅವನ ದೇಹವನ್ನು ಕಟ್ಟಿ ಹಿಡಿಯುವುದಕ್ಕೆ, ಅವನಿಗೋ ಪರರಿಗೋ ಒಡನೆ ಒದಗಲಿರುವ ಅಪಾಯವನ್ನು ತಪ್ಪಿಸಲು ಅದೊಂದೇ ಉಪಾಯವಾಗಿದ್ದಾಗ ಮಾತ್ರ, ಅದೂ ಮನೋವೈದ್ಯನ ಒಪ್ಪಿಗೆಯಿಂದ, ಅವಕಾಶ ಕೊಟ್ಟಿದೆ. ಇಂಥ ಕಡೆ ‘ಸಂಯಮ’, ‘ಸಂಯಮನ’ ಎಂಬ ಸೊಗಸಾದ ಶಬ್ದಗಳನ್ನು ತಂದಿಟ್ಟರೆ ಹಗ್ಗವು ಕಣ್ಮರೆಯಾಗುತ್ತದೆ. ‘ದೈಹಿಕ ನಿರ್ಬಂಧ’ವೆನ್ನಬಹುದು, ‘ಕಟ್ಟಿಹಾಕುವುದು’ ಎಂದರೆ ಇನ್ನೂ ಒಳ್ಳೆಯದು. ಓದುವವನಿಗೆ ಏನಾಗುತ್ತಿದೆಯೆಂಬುದು ತಿಳಿಯಬೇಕಲ್ಲವೆ?

ಗಲಭೆಯಾದ ಊರುಗಳ ಸುದ್ದಿಯಲ್ಲಿ ‘ಉಭಯ ಪಕ್ಷದವರೂ ಸಂಯಮ ಕಾಯ್ದುಕೊಳ್ಳಬೇಕು’ ಎಂಬ ವಾಕ್ಯ ಸಾಮಾನ್ಯ. ಬಡಿಗೆ ಇಬ್ಬರ ಕೈಯಲ್ಲಿಯೂ ಇದ್ದರೆ ಮಾತು ಸರಿಯೇ. ಒಬ್ಬನ ಕೈಯಲ್ಲಿ ಬಡಿಗೆಯಿದ್ದು ಇನ್ನೊಬ್ಬನ ಬೆನ್ನು ಮಾತ್ರ ಇದ್ದರೆ, ಬೆನ್ನಿನವನಿಗೆ ಇರಬಹುದಾದದ್ದು ಸಹನೆ, ಇಲ್ಲವೆ ಅಸಹಾಯಕತೆ. ಅದಕ್ಕೆ ಸಂಯಮವೆಂದು ಹೆಸರಿಟ್ಟು ಹೊಗಳುವುದು ಅವನಿಗೆ ಮಾಡುವ ಎರಡನೆಯ ಅನ್ಯಾಯ. ಸಂಬಳ ಬಾರದ ಕೆಲಸಗಾರನಿಗೆ, ಫಲಿತಾಂಶ ಬಾರದ ವಿದ್ಯಾರ್ಥಿಗೆ ‘ಸಂಯಮವಿರಲಿ’ ಎಂದು ಮೇಜಿನ ಈಚೆಗೆ ಕುಳಿತು ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ‘ಸುಮ್ಮನಿರು’ ಎಂಬುದಷ್ಟೇ. ಹಾಗೆ ನಾವೂ ಹೇಳಿದ್ದುಂಟು.

ಮೊದಲು ಹೇಳಿದ ಉತ್ತರಪತ್ರಿಕೆಗಳಿಗೆ ಈಗ ಹಿಂದಿರುಗಬಹುದು. ಧರ್ಮರಾಜನು ತನ್ನನ್ನೇ ಪಣವಾಗಿ ಒಡ್ಡಿ ಸೋತಿದ್ದಾನೆ. ಹಿಡಿಯಲು ಅವನ ಕೈಯಲ್ಲಿ ಲಗಾಮೇ ಉಳಿದಿಲ್ಲ. ಸಂಯಮವು ಬೇಕಾಗಿದ್ದದ್ದು ದಾಳವನ್ನು ಎತ್ತುವ ಮುನ್ನ. ಈಗಿರುವುದು ಬಂಧನ, ಧರ್ಮದ ಬಂಧನವೆನ್ನಬಹುದು, ಸಂಯಮವೆನ್ನಲಾಗದು. ಭೀಮನಿಗೆ ಕೋಪವೂ ಇದೆ, ತೋಳ್ಬಲವೂ ಇದೆ. ಅಣ್ಣನ ಕೈಗಳನ್ನೇ ಸುಡುವುದಕ್ಕೆ ಬೆಂಕಿ ತರುವಂತೆ ಅವನು ಸಹದೇವನಿಗೆ ಹೇಳಿದಾಗ ತಡೆದವನು ಅರ್ಜುನ. ಹೊರಗಿನಿಂದ ಬಂದ ಆ ತಡೆಯನ್ನು ಅವನು ಒಪ್ಪಿ ನಿಂತನೆಂಬಷ್ಟರ ಮಟ್ಟಿಗೆ ಅದನ್ನು ಸಂಯಮವೆನ್ನಬಹುದು. ಎರಡನೆಯ ವಿದ್ಯಾರ್ಥಿಗೆ ಒಂದು ಅಂಕ ಹೆಚ್ಚು ಕೊಡಬೇಕಾಗಿತ್ತು. ದ್ರೌಪದಿಯಂತೂ ಸುಮ್ಮನಿರಲೇ ಇಲ್ಲ. ಸೋತವನು ಮೊದಲು ತನ್ನನ್ನು ಸೋತನೋ ನನ್ನನ್ನು ಸೋತನೋ ಎಂದು ತುಂಬಿದ ಸಭೆಗೆ ಅವಳು ಹಾಕಿದ ಪ್ರಶ್ನೆಗೆ ಭೀಷ್ಮನಂಥವನೂ ನೇರವಾದ ಉತ್ತರ ಕೊಡಲಾರದೆ ಹೋದನು. ಅವಳ ಮಾತಿನಲ್ಲಿ ಕುದುರೆಗಳು ಓಡುತ್ತಿವೆ, ದಾರಿ ತಪ್ಪಿಲ್ಲ. ಮೂರನೆಯ ವಿದ್ಯಾರ್ಥಿಯು ಮೌನವನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಯಮವೆಂದು ಬರೆದಿದ್ದರೆ ಅದು ತಪ್ಪು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೆ ಅವನೇ ಮೂವರಲ್ಲಿ ಹೆಚ್ಚು ಬಲ್ಲವನು. ಇನ್ನು ಅವಳ ಬಿಚ್ಚಿದ ಮುಡಿ. ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ ರನ್ನನ ಗದಾಯುದ್ಧದಲ್ಲಿಯೂ ಆ ಮುಡಿಯನ್ನು ಕಟ್ಟುವುದೇ ಕಥೆಯ ಗುರಿ. ಶಬ್ದದ ಮೊದಲ ಅರ್ಥದಲ್ಲಿ ಆ ಕೂದಲಿನ ‘ಸಂಯಮನ’ವು ದುರ್ಯೋಧನನು ಬೀಳುವವರೆಗೆ ನಡೆಯಲಿಲ್ಲ.